ಒಡ್ಡಿನ ಬೇವಿನ ಬುಡದ ಮಣ್ಣು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಎರೆ ಹೊಲಗಳ ನಡುವೆ ಕಾಡು ಕಡಿಮೆ. ಆದರೂ ಒಡ್ಡಿನ ಮೇಲೆ ಹಳೆಯ ಬೇವಿನ ಗಿಡ ಕಾಣುತ್ತದೆ. ಅದರ ಬುಡದಲ್ಲಿ ಉದುರಿದ ಬೀಜ ಯಾರ ಆರೈಕೆಯೂ ಇಲ್ಲದೆ ಸಸಿಯಾಗುತ್ತದೆ. ನರ್ಸರಿಯಿಂದ ತಂದು ನೆಟ್ಟದ್ದು ಎಷ್ಟೋ ಸಲ ಬೇಸಿಗೆ ದಾಟುವುದಿಲ್ಲ. ಚೀಲದಲ್ಲಿ ಸುತ್ತಿಕೊಂಡ ತಾಯಿಬೇರು, ನೀರಿನ ಕೊರತೆ ಇವೆಲ್ಲ ಕಾರಣವೇ. ಇನ್ನೊಂದು ಕಾರಣ ಮಣ್ಣಿನೊಳಗಿದೆ: ಬೇರಿನೊಳಗೆ ಬಾಳುವ ಶಿಲೀಂಧ್ರ.

ಬೇವಿನ ಎಳೆಬೇರನ್ನು ಕ್ಷಾರದಲ್ಲಿ ಕುದಿಸಿ, ನೀಲಿ ಬಣ್ಣವೇರಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಜೀವಕೋಶದೊಳಗೆ ಪುಟ್ಟ ಗಿಡದಂತೆ ಕವಲೊಡೆದ ಎಳೆಗಳು ಕಾಣುತ್ತವೆ. ಕೊಡುಕೊಳ್ಳುವಿಕೆ ನಡೆಯುವುದು ಅಲ್ಲೇ. ಬೇವು ಸಕ್ಕರೆ, ಕೊಬ್ಬು ಕೊಟ್ಟರೆ ಶಿಲೀಂಧ್ರ ರಂಜಕ ತಂದುಕೊಡುತ್ತದೆ. ಎರೆಮಣ್ಣಿನಲ್ಲಿ ರಂಜಕ ಸುಣ್ಣದ ಅಂಶಕ್ಕೆ ಅಂಟಿ ಕುಳಿತಿರುತ್ತದೆ, ಬೇರಿನತ್ತ ತಾನಾಗಿ ಬರುವುದಿಲ್ಲ. ಮಣ್ಣಿಗೆ ಚಾಚಿದ, ಬೇರುಕೂದಲಿಗಿಂತ ತೆಳುವಾದ ಶಿಲೀಂಧ್ರದ ಎಳೆಗಳು ಬೇರು ಮುಟ್ಟಲಾಗದ ಸಂದಿಗೂ ನುಗ್ಗುತ್ತವೆ. ಬೇವಿನೊಡನೆ ಇರುವ ಶಿಲೀಂಧ್ರವೇ ತೊಗರಿ, ಜೋಳದ ಬೇರಿಗೂ ಸೇರಬಲ್ಲದು. ಹಳೆಯ ಗಿಡದ ಬುಡದಲ್ಲಿ ಮೊಳೆತ ಸಸಿಗೆ ಹೀಗೆ ಮೊದಲೇ ಹರಡಿದ ಜಾಲ ಬೇಗ ದಕ್ಕುತ್ತದೆ.

ದೊಡ್ಡ ಮರ ಈ ಜಾಲದ ಮೂಲಕವೇ ಸಸಿಗೆ ಉಣಿಸುತ್ತದೆಯೇ? 1997ರಲ್ಲಿ ಅರಣ್ಯ ವಿಜ್ಞಾನಿ ಸುಝಾನ್ ಸಿಮಾರ್ಡ್, ಕೆನಡಾದ ಕಾಡಿನಲ್ಲಿ ಬರ್ಚ್ ಮತ್ತು ಫರ್ ಸಸಿಗಳ ನಡುವೆ ಇಂಗಾಲ ಸಾಗಿದ್ದನ್ನು ಅಳೆದರು. 2023ರಲ್ಲಿ ಜಸ್ಟೀನ್ ಕಾರ್ಸ್ಟ್ ಮತ್ತು ಸಂಗಡಿಗರು, ದೊಡ್ಡ ಮರ ಸಸಿಗೆ ಉಣಿಸುತ್ತದೆಂಬ ‘ತಾಯಿಮರ’ದ ಕಥೆ ಹೇಳಲು ಕಾಡಿನಲ್ಲಿ ಸಿಕ್ಕ ಪುರಾವೆ ಸಾಲದು ಎಂದರು. ಅವರ ಎಚ್ಚರಿಕೆ ಸರಿಯೆಂದೇ ನನ್ನ ಎಣಿಕೆ. ಆ ಮರಗಳ ಶಿಲೀಂಧ್ರದ ಜಾತಿಯೂ ಬೇರೆ.

ನಮಗೆ ಹತ್ತಿರದ ಪಾಠ ಆಸ್ಟ್ರೇಲಿಯಾದ ಕಪ್ಪುಮಣ್ಣಿನದು. ಬಹುಕಾಲ ಬರಿದಾಗಿ ಬಿಟ್ಟ ಹೊಲದಲ್ಲಿ ಬಿತ್ತಿದ ಸೂರ್ಯಕಾಂತಿ ರಂಜಕವಿಲ್ಲದೆ ಸೊರಗಿದ್ದನ್ನು ವಿಜ್ಞಾನಿ ಥಾಂಪ್ಸನ್ 1987ರಲ್ಲಿ ವರದಿ ಮಾಡಿದರು. ಜೀವಂತ ಬೇರಿಲ್ಲದೆ ಶಿಲೀಂಧ್ರ ಕ್ಷೀಣಿಸಿತ್ತು. ಪದೇ ಪದೇ ಆಳವಾಗಿ ಉತ್ತರೂ ಜಾಲ ಹರಿಯುತ್ತದೆ. ಉಳುಮೆ ತಾಗದ ಒಡ್ಡು ಅದಕ್ಕೇ ಮುಖ್ಯ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ದಶಕಗಳ ಕಾಲ ಈ ಶಿಲೀಂಧ್ರಗಳ ಮೇಲೆ ದುಡಿದರು. ನರ್ಸರಿಯಲ್ಲೇ ಸಸಿಗಳಿಗೆ ಇದನ್ನು ಸೇರಿಸುವ ದಾರಿ ತೋರಿದರು. ಮಿರಗದ ಮಳೆಗೆ ಸಸಿ ನೆಡುವವರು, ರೋಗವಿಲ್ಲದ ಹಳೆಯ ಬೇವಿನ ಬುಡದಿಂದ ಎಳೆಬೇರು ಕೂಡಿದ ಎರಡು ಬೊಗಸೆ ಮಣ್ಣು ತಂದು ಕುಣಿಗೆ ಹಾಕಿ. ಡಿಎಪಿ ಸುರಿಯಬೇಡಿ, ರಂಜಕ ಧಾರಾಳವಾದರೆ ಬೇರು ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳುವುದು ಕಡಿಮೆ.