ಮುಖ ತುಂಬಿಕೊಂಡ ಮಾತ್ರಕ್ಕೆ ಮಗು ಗುಣವಾಗಿರುವುದಿಲ್ಲ

ಕೆಲವು ವರ್ಷಗಳ ಹಿಂದೆ ಹನೂರು ಕಡೆಯ ರೈತ ಕುಟುಂಬವೊಂದು ಐದು ವರ್ಷದ ಮಗನನ್ನು ಕೊಳ್ಳೇಗಾಲದ ನನ್ನ ಚಿಕಿತ್ಸಾಲಯಕ್ಕೆ ಕರೆತಂದಿತು. ಗುರುತು ಸಿಗದಂತೆ ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಮಗು ಬಿಳಿಚಿಕೊಂಡಿತ್ತು, ಆಟ ಬಿಟ್ಟು ಅಜ್ಜಿಯ ತೊಡೆಯ ಮೇಲೆ ಮಲಗುತ್ತಿತ್ತು, ರಾತ್ರಿ ಕಾಲುನೋವೆಂದು ಅಳುತ್ತಿತ್ತು. ಪಾಂಡುರೋಗವೆಂದು ಬಗೆದು ಲೋಹಾಸವ ಕೊಟ್ಟು ಕಳುಹಿಸಿದೆ. ಹದಿನೈದು ದಿನಗಳ ತರುವಾಯ ಮರಳಿ ಬಂದಾಗ ಬೆನ್ನಿನ ಮೇಲೂ ಹೊಟ್ಟೆಯ ಮೇಲೂ, ಎಲ್ಲಿಯೂ ಬಿದ್ದಿರದಿದ್ದರೂ, ನೀಲಿ ಕಲೆಗಳು ಮೂಡಿದ್ದವು. ಅಂದೇ ರಕ್ತಪರೀಕ್ಷೆ ಮಾಡಿಸಿದೆ. ಮೊದಲ ದಿನವೇ ಮಾಡಿಸಬೇಕಾಗಿತ್ತು. ಆ ಹದಿನೈದು ದಿನಗಳನ್ನು ನಾನು ಇಂದಿಗೂ ಮರೆತಿಲ್ಲ.

ಮೈಸೂರಿಗೆ, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋದರು. 1973ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗೆ ನಾಡಿನ ಎಲ್ಲ ಭಾಗಗಳಿಂದಲೂ ಮಕ್ಕಳು ಬರುತ್ತಾರೆ. ಮೂಳೆಯ ಮಜ್ಜೆಯನ್ನು ಪರೀಕ್ಷಿಸಿದಾಗ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಮಕ್ಕಳಲ್ಲಿ ಕಾಣುವ ಕ್ಯಾನ್ಸರ್‌ಗಳಲ್ಲಿ ಇದೇ ಹೆಚ್ಚು ಸಾಮಾನ್ಯವಾದುದು. ರಕ್ತಕಣಗಳು ಹುಟ್ಟುವ ಮಜ್ಜೆಯಲ್ಲಿ ಬಲಿಯದ ಬಿಳಿಕಣಗಳು ಮಿತಿಮೀರಿ ತುಂಬಿಕೊಂಡು ಉಳಿದ ಕಣಗಳಿಗೆ ಎಡೆಯಿಲ್ಲದಂತೆ ಮಾಡುತ್ತವೆ. ಕೆಂಪುಕಣ ಕುಂದಿ ಮಗು ಬಿಳಿಚುತ್ತದೆ, ಪ್ಲೇಟ್‌ಲೆಟ್ ಕುಂದಿ ಕಲೆಗಳೇಳುತ್ತವೆ, ಒಳ್ಳೆಯ ಬಿಳಿಕಣಗಳಿಲ್ಲದೆ ಜ್ವರ ಮರುಕಳಿಸುತ್ತದೆ.

ತಾಯಿಯ ಮೊದಲ ಪ್ರಶ್ನೆ ಔಷಧಿಯದಲ್ಲ. ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಬಂದಿದ್ದೆ, ಅದರಿಂದ ಹೀಗಾಯಿತೇ ಎಂದು ಆಕೆ ಕೇಳಿದಳು. ಇಲ್ಲ. ಗ್ರಹಣದಿಂದಲ್ಲ, ಆಕೆ ಉಂಡ ಅನ್ನದಿಂದಲ್ಲ, ಯಾರ ಕಣ್ಣಿನಿಂದಲೂ ಅಲ್ಲ. ಇದು ಅಂಟುವ ರೋಗವಲ್ಲ. ವಂಶದಿಂದ ಬರುವುದೂ ವಿರಳ. (ಕೊಳ್ಳೇಗಾಲದ ಹೆಸರೆತ್ತಿದರೆ ಹೊರಗಿನವರು ಮಾಟಮಂತ್ರದ ಮಾತೆತ್ತುತ್ತಾರೆಂದು ನಾವು ಬೇಸರಿಸುತ್ತೇವೆ. ಆದರೆ ಮಗುವಿಗೆ ಜ್ವರ ಬಿಡದಿದ್ದರೆ ನಮ್ಮವರೇ ಮೊದಲು ಯಂತ್ರ ಕಟ್ಟಿಸಲು ಹೋಗುವುದುಂಟು.)

ನಾನು ಮುಖ್ಯವಾಗಿ ಹೇಳಬೇಕಾದುದು ಮುಂದಿನ ಘಟ್ಟವನ್ನು ಕುರಿತು. ಚಿಕಿತ್ಸೆಯ ಮೊದಲ ತಿಂಗಳಲ್ಲಿ ಸ್ಟಿರಾಯ್ಡ್ ಕೊಡುತ್ತಾರೆ. ಮಗುವಿಗೆ ಹಸಿವು ಕೆರಳಿ, ನಡುರಾತ್ರಿ ಎದ್ದು ಇಡ್ಲಿ ಕೇಳುತ್ತದೆ, ಕೆನ್ನೆ ಉಬ್ಬುತ್ತದೆ. ತಿಂಗಳ ಕೊನೆಯ ಹೊತ್ತಿಗೆ ಬಹುಪಾಲು ಮಕ್ಕಳ ರಕ್ತದಲ್ಲಿ ರೋಗದ ಕಣಗಳು ಕಾಣದಂತಾಗುತ್ತವೆ. ಊರಿಗೆ ಬಂದರೆ ನೆಂಟರು, ಮಗು ಮುಖ ತುಂಬಿಕೊಂಡಿದೆ, ಇನ್ನೇಕೆ ಆ ಸೂಜಿ ಎನ್ನುತ್ತಾರೆ. ಈ ಹುಡುಗನ ತಂದೆಯೂ ಎರಡನೆಯ ತಿಂಗಳಲ್ಲಿ ನನ್ನೆದುರು ಕುಳಿತು ಹೇಳಿದ: "ಮಗ ಚೆಂದಾಗವ್ನೆ ಪಂಡಿತ್ರೇ. ಇನ್ನೂ ಎರಡು ವರ್ಷ ಅಂದ್ರೆ ಹೆಂಗೆ? ನೀವೇ ಏನಾದ್ರೂ ಬೇರು-ನಾರು ಕೊಟ್ಬುಡಿ."

ಅವನಿಗೆ ಅರಿಶಿನದ ಹೊಲದ ಜೇಕನ್ನು ನೆನಪಿಸಿದೆ. ಮೇಲಿನ ಹುಲ್ಲು ಕಿತ್ತರೆ ಹೊಲ ಹಸನಾಗಿ ಕಾಣುತ್ತದೆ. ಗೆಡ್ಡೆ ಮಣ್ಣಿನಲ್ಲಿಯೇ ಇರುತ್ತದೆ. ಕಣ್ಣಿಗೆ ಕಾಣದೆ ಉಳಿದ ರೋಗಕಣಗಳಿಗಾಗಿಯೇ ಎರಡು, ಎರಡೂವರೆ ವರ್ಷಗಳ ಚಿಕಿತ್ಸೆ. ನಡುವೆ ಬಿಟ್ಟರೆ ರೋಗ ಮರಳುತ್ತದೆ, ಮರಳಿದ ರೋಗ ಮೊದಲಿನಂತೆ ಔಷಧಿಗೆ ಮಣಿಯುವುದಿಲ್ಲ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ತಗುಲಿದ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಹಲವೆಡೆ ಈ ಪ್ರಮಾಣ ಶೇ. 30ನ್ನೂ ಮುಟ್ಟದು. ತಡವಾಗಿ ಗುರುತಿಸುವುದೂ ನಡುವೆ ಬಿಡುವುದೂ ಇದಕ್ಕೆ ಮುಖ್ಯ ಕಾರಣಗಳೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2030ರ ವೇಳೆಗೆ ಜಗತ್ತಿನಾದ್ಯಂತ ಕನಿಷ್ಠ ಶೇ. 60 ಮಕ್ಕಳಾದರೂ ಉಳಿಯಬೇಕೆಂಬ ಗುರಿಯನ್ನು ಅದು 2018ರಲ್ಲಿ ಇಟ್ಟುಕೊಂಡಿತು.

ಬೇರು-ನಾರಿನ ಮಾತಿಗೆ ಬರೋಣ. ಆ ಮಗುವಿಗೆ ಕೊಡುತ್ತಿದ್ದ ವಿನ್‌ಕ್ರಿಸ್ಟೀನ್ ಎಂಬ ಚುಚ್ಚುಮದ್ದು ಸಸ್ಯಮೂಲದ್ದೇ. ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪ, ಅಂದರೆ ಕಾಶಿ ಕಣಗಿಲೆಯ ಎಲೆಯಿಂದ ಅದನ್ನು ಬೇರ್ಪಡಿಸುತ್ತಾರೆ. ನೂರಾರು ಕಿಲೋ ಒಣ ಎಲೆಯಿಂದ ಒಂದು ಗ್ರಾಂ ದೊರೆಯುತ್ತದೆ. ಅದನ್ನು ಮಗುವಿನ ಎತ್ತರ, ತೂಕಗಳಿಗೆ ತಕ್ಕಂತೆ ಅಳೆದು ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಹಾಗೆಂದು ಆ ಎಲೆಯ ಕಷಾಯ ಕುಡಿಸಿದರೆ ರೋಗ ವಾಸಿಯಾಗದು, ವಿಷವಾದೀತು. ಇನ್ನೆರಡು ಮುಖ್ಯ ಔಷಧಿಗಳಾದ ಮೆಥೋಟ್ರೆಕ್ಸೇಟ್ ಮತ್ತು ಮರ್ಕ್ಯಾಪ್ಟೊಪ್ಯೂರಿನ್ ಯಕೃತ್ತಿನ ಮೇಲೆ ಭಾರ ಹಾಕುತ್ತವೆ. ಅವುಗಳ ಜೊತೆಗೆ ಆಸ್ಪತ್ರೆಗೆ ತಿಳಿಸದೆ ಚೂರ್ಣ, ಭಸ್ಮ, ಅಮೃತಬಳ್ಳಿಯ ಕಷಾಯ ಯಾವುದನ್ನೂ ಸೇರಿಸಬಾರದು. ಆಯುರ್ವೇದವನ್ನೇ ನಂಬಿ ಬದುಕಿದವನಾಗಿ ನಾನು ಇದನ್ನು ಹೇಳುತ್ತಿದ್ದೇನೆ. ಆ ತಂದೆಗೆ ನಾನು ಕೊಟ್ಟದ್ದು ಪಥ್ಯ ಮಾತ್ರ.

ಕುದಿಸಿ ಆರಿಸಿದ ನೀರು, ಬಿಸಿ ಗಂಜಿ, ರಾಗಿ ಅಂಬಲಿ, ಬೇಳೆಕಟ್ಟು, ಆಗಲೇ ಸುಲಿದ ಬಾಳೆಹಣ್ಣು. ಹಸಿ ಕೋಸಂಬರಿ, ಕತ್ತರಿಸಿಟ್ಟ ಹಣ್ಣು, ಕಾಯಿಸದ ಹಾಲು ಬೇಡ. ಜಾತ್ರೆಯ ಜನಸಂದಣಿಯೂ ಬೇಡ. ದಾಸೋಹದ ಪಂಕ್ತಿಗೆ ಅಂಥ ಮಗುವನ್ನು ಕರೆತರಲಿಲ್ಲವೆಂದು ಭಕ್ತರು ಬೇಸರಿಸಬಾರದು. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬಿಳಿಕಣ ಕುಸಿದ ದಿನಗಳಲ್ಲಿ ಒಂದು ರಾತ್ರಿಯ ಸೋಂಕು ಪ್ರಾಣ ತೆಗೆಯಬಲ್ಲದು. ಅಂಥ ದಿನಗಳಲ್ಲಿ ಮಲಬದ್ಧತೆಗೆಂದು ಬಸ್ತಿ ಕೊಡುವುದೂ ಅಪಾಯ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವುಂಟು. ಬಸ್ಸಿನ ಖರ್ಚು, ತಪ್ಪಿದ ಕೂಲಿ, ಬಿತ್ತದೆ ಉಳಿದ ಹೊಲಗಳಿಗೆ ಯಾವ ಕಾರ್ಡೂ ಇಲ್ಲ. ತಾಯಿ ಬೆಂಗಳೂರಿನಲ್ಲಿ ಧರ್ಮಶಾಲೆಯಲ್ಲಿದ್ದಳು, ತಂದೆ ಹಸುಗಳೊಡನೆ ಊರಿನಲ್ಲಿದ್ದ, ಎಂಟು ವರ್ಷದ ಮಗಳು ಯಳಂದೂರಿನ ಸೋದರಮಾವನ ಮನೆ ಸೇರಿದಳು. ತಮ್ಮನ ವಿಷಯ ಶಾಲೆಯಲ್ಲಿ ಹೇಳಬೇಡವೆಂದು ಅವಳಿಗೆ ತಾಕೀತಾಗಿತ್ತು. ನಾಳೆ ಹೆಣ್ಣು ಕೇಳಲು ಬರುವವರು ಹಿಂಜರಿದಾರೆಂಬ ಭಯ! ಆ ಮಗು ಬೈಗುಳವೂ ಇಲ್ಲದೆ, ಮುದ್ದೂ ಇಲ್ಲದೆ ಒಂದು ವರ್ಷ ಕಳೆಯಿತು. ನೆರವಾಗಬಯಸುವವರು ಹಣ್ಣಿನ ಬುಟ್ಟಿ ಹಿಡಿದು ಆಸ್ಪತ್ರೆಗೆ ಹೋಗುವ ಬದಲು ಇಂಥ ಮಗುವಿನ ಜೊತೆ ಕುಳಿತು ಪಾಠ ಓದಿಸಬಹುದು, ಬಿತ್ತನೆಗೆ ಒಂದು ದಿನ ಎತ್ತು ಕಟ್ಟಬಹುದು.

ಅಜ್ಜಿಯ ಚಿಂತೆಯೇ ಬೇರೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಮುಡಿ ಕೊಡುವ ಹರಕೆಯಿತ್ತು; ಔಷಧಿಯಿಂದ ಕೂದಲೆಲ್ಲ ತಾನಾಗಿ ಉದುರಿತು, ಹರಕೆ ಕೆಟ್ಟಿತೆಂದು ಆಕೆ ಊಟ ಬಿಟ್ಟಳು. ಕೂದಲು ಮತ್ತೆ ಬರುತ್ತದೆ, ಅಲ್ಲಿಯವರೆಗೆ ಕಾಯಿರಿ ಎಂದೆ. ಚಿಕಿತ್ಸೆ ಮುಗಿದು, ವೈದ್ಯರು ಜನರ ನಡುವೆ ಹೋಗಬಹುದೆಂದ ಮೇಲೆ ಬೆಟ್ಟ ಹತ್ತಿ ಬಂದರು. "ಮೊದಲ್ನೇದು ಮಾದಪ್ಪ ತಾನೇ ತಕ್ಕಂಡ, ಇದು ನಾವು ಕೊಟ್ಟುದ್ದು" ಎಂದು ಅಜ್ಜಿ ನನ್ನ ಕೈಗೆ ಪ್ರಸಾದವಿಟ್ಟಳು. ಬೆಂಗಳೂರಿನ ತಪಾಸಣೆ ಈಗಲೂ ನಡೆದಿದೆ. ಈ ಬಾರಿಯದು ಬೇಸಿಗೆ ರಜೆಯಲ್ಲಿ.