ದೊರೆ ಕಾಲಿಡದ ದೊರೆಯ ನಾಡು

ನಮ್ಮ ಶಾಲೆಯ ಪ್ರಪಂಚದ ನಕ್ಷೆ ಬಟ್ಟೆಯದು. ಮೇಲೊಂದು ಕೋಲು, ಕೆಳಗೊಂದು ಕೋಲು. ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಮೇಲಿನ ಕೋಲಿನ ಹತ್ತಿರ ಬಟ್ಟೆ ನವೆದುಹೋಗಿತ್ತು. ರಷ್ಯಾದ ನೆತ್ತಿಯ ಮೇಲೆ ಮಂಡಕ್ಕಿ ಚೆಲ್ಲಿದ ಹಾಗಿರುವ ದ್ವೀಪಗಳು ಆ ನವೆದ ಜಾಗದಲ್ಲೇ ಇದ್ದವು. ಪರೀಕ್ಷೆಗೆ ಬಾರದ ಜಾಗವಾದ್ದರಿಂದ ನಾನೂ ಅತ್ತ ಬೆರಳು ತೋರಿಸಿದವನಲ್ಲ. ಒಮ್ಮೆ ಒಬ್ಬ ಹುಡುಗ ಬೆಂಚು ಹತ್ತಿ ಅಕ್ಷರ ಕೂಡಿಸಿ ಓದಿದ: “ಫ್ರಾನ್ಸ್ ಯೋಸೆಫ್ ಲ್ಯಾಂಡ್. ಸಾರ್, ಈ ಯಜಮಾನ ಅಲ್ಲೇ ಇದ್ದನಾ?”

“ಇಲ್ಲಪ್ಪ.”

“ಮತ್ತೆ ಹೆಸರು ಯಾಕೆ?”

ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಬಚಾವಾದೆ. ನಿವೃತ್ತನಾದ ಮೇಲೆ ಆ ಸಾಲ ತೀರಿಸಲು ಕೂತೆ.

ಸುಮಾರು 190 ದ್ವೀಪಗಳ ಗುಂಪು ಅದು. ನೆಲದ ಶೇ. 85ರಷ್ಟನ್ನು ಹಿಮನದಿಗಳು ಮುಚ್ಚಿವೆ. ಬಡಗಣ ತುದಿಯಿಂದ ಉತ್ತರ ಧ್ರುವಕ್ಕೆ ಉಳಿಯುವುದು 900 ಕಿ.ಮೀ. ಚಿಲ್ಲರೆ. ಊರುಕೇರಿ ಕಟ್ಟಿಕೊಂಡು ಬಾಳಿದ ಜನ ಅಲ್ಲಿರಲಿಲ್ಲ. ನಮ್ಮ ಕಡೆಯಾದರೆ ಕೆರೆಯೋ ಮರವೋ ಊರಿಗೆ ಹೆಸರು ಕೊಡುತ್ತದೆ, ಕರೆಯುವವರು ಅಲ್ಲೇ ಇರುತ್ತಾರೆ. ಇಲ್ಲಿ ಹೆಸರುಗಳೆಲ್ಲ ಹಡಗಿನಲ್ಲೇ ಬಂದವು.

1872ರಲ್ಲಿ ಆಸ್ಟ್ರಿಯಾ–ಹಂಗೇರಿಯ ‘ಟೆಗೆಟ್‌ಹಾಫ್’ ಹಡಗು ನೊವಾಯಾ ಜೆಮ್ಲ್ಯಾ ಬಳಿ ಮಂಜುಗಡ್ಡೆಯ ಬಾಯಿಗೆ ಸಿಕ್ಕಿತು. ಬಿಡಿಸಿಕೊಳ್ಳಲಾಗದೆ ಒಂದು ವರ್ಷ ಅದು ಎಳೆದತ್ತ ತೇಲಿತು. 1873ರ ಆಗಸ್ಟ್ 30ರಂದು ಮಂಜಿನ ತೆರೆ ಸರಿದಾಗ ಎದುರಿಗೆ ಬೆಟ್ಟ! ನಾಯಕರಾದ ವೈಪ್ರೆಖ್ಟ್ ಮತ್ತು ಪಯರ್ ಆ ನೆಲಕ್ಕೆ ತಮ್ಮ ಚಕ್ರವರ್ತಿಯ ಹೆಸರಿಟ್ಟರು. ಖರ್ಚಿಗೆ ದೊಡ್ಡ ಮೊತ್ತ ಕೊಟ್ಟಿದ್ದ ಕೌಂಟ್ ವಿಲ್ಚೆಕ್‌ಗೂ ದ್ವೀಪ ದಕ್ಕಿತು.

ಪಯರ್ ಹುಟ್ಟಿದ್ದು ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಟೆಪ್ಲಿಟ್ಸ್‌ನ ಮಗ್ಗುಲಲ್ಲಿ. ಹೆಪ್ಪುಗಟ್ಟಿದ ಕೊಲ್ಲಿಯೊಂದಕ್ಕೆ ಆತ ಇಟ್ಟ ಹೆಸರು ಟೆಪ್ಲಿಟ್ಸ್ ಕೊಲ್ಲಿ. ನಗು ಬಂತು, ಆಮೇಲೆ ಪಾಪ ಅನ್ನಿಸಿತು. 1874ರ ಏಪ್ರಿಲ್‌ನಲ್ಲಿ ಬಡಗಣ ತುದಿ ಮುಟ್ಟಿದ ಆತನಿಗೆ ಇನ್ನೂ ಆಚೆ ನೆಲ ಕಂಡಂತಾಯಿತು. ಅದಕ್ಕೂ ಹೆಸರಿಟ್ಟ: ಪೀಟರ್‌ಮನ್ ಲ್ಯಾಂಡ್, ಕಿಂಗ್ ಆಸ್ಕರ್ ಲ್ಯಾಂಡ್. ಮುಂದೆ ಆ ದಾರಿ ಹಿಡಿದವರಿಗೆ ಸಿಕ್ಕಿದ್ದು ಬರೀ ಸಮುದ್ರ.

ಹಿಂದೆ ಬಂದವರೂ ಸುಮ್ಮನಿರಲಿಲ್ಲ. ಬ್ರಿಟನ್ನಿನ ಲೀ ಸ್ಮಿತ್ 1880ರಲ್ಲಿ ಒಂದು ದ್ವೀಪಕ್ಕೆ ನಾರ್ತ್‌ಬ್ರೂಕ್ ಎಂದ. 1872ರಿಂದ 1876ರವರೆಗೆ ನಮ್ಮ ದೇಶಕ್ಕೆ ವೈಸ್‌ರಾಯ್ ಆಗಿದ್ದವನೇ ಆ ನಾರ್ತ್‌ಬ್ರೂಕ್. ಬೇಕಿಂಗ್ ಪೌಡರ್ ಮಾರಿ ಶ್ರೀಮಂತನಾದ ಅಮೆರಿಕದ ಜೀಗ್ಲರ್‌ಗೆ ಒಂದು ದ್ವೀಪ, ಆತನ ಕಾರ್ಯದರ್ಶಿ ಚಾಂಪ್‌ಗೂ ಒಂದು. ಬೆಲ್ ಹೆಸರಿನವೇ ಎರಡಿವೆ: ಪಶ್ಚಿಮದ್ದು ಗಂಟೆಯ ಆಕಾರದ ಬೆಟ್ಟದಿಂದ ಬಂದದ್ದು, ಪೂರ್ವದ್ದು ಟೆಲಿಫೋನಿನ ಗ್ರಹಾಂ ಬೆಲ್‌ನದು.

ನನಗೆ ಇಷ್ಟವಾದದ್ದು ನಾರ್ವೆಯ ಅನ್ವೇಷಕ ನಾನ್ಸೆನ್ ಇಟ್ಟ ಹೆಸರು. 1895ರಲ್ಲಿ ಧ್ರುವದ ಹಾದಿಯಿಂದ ಮಂಜುಗಡ್ಡೆಯ ಮೇಲೆ ನಡೆದು ಹಿಂದಿರುಗುತ್ತಿದ್ದ ಆತನಿಗೆ ಎರಡು ದ್ವೀಪ ಕಂಡವು. ಒಂದಕ್ಕೆ ಹೆಂಡತಿ ಇವಾಳ ಹೆಸರು, ಇನ್ನೊಂದಕ್ಕೆ ಮಗಳು ಲಿವ್‌ಳದು. ಅಳತೆ ಮಾಡಿದವರು ಮುಂದೆ ಹೇಳಿದರು, ಅದು ಒಂದೇ ದ್ವೀಪ. ಯಾವ ಹೆಸರನ್ನೂ ಅಳಿಸಲಿಲ್ಲ. ಇವತ್ತಿಗೂ ಅದು ಇವಾ–ಲಿವ್.

1918ರಲ್ಲಿ ಚಕ್ರವರ್ತಿಯ ಸಾಮ್ರಾಜ್ಯ ಚೂರಾಯಿತು. 1926ರಲ್ಲಿ ದ್ವೀಪಗಳನ್ನು ತನ್ನವೆಂದು ಸಾರಿದ ಸೋವಿಯತ್ ಒಕ್ಕೂಟ, ತನ್ನ ಚಕ್ರವರ್ತಿಯನ್ನೇ ಕೊಂದಿದ್ದರೂ, ನಕ್ಷೆಯಲ್ಲಿ ಈ ಪರದೇಶದ ಚಕ್ರವರ್ತಿಯನ್ನು ಹಾಗೇ ಬಿಟ್ಟಿತು. ಆತ ಅಲ್ಲಿಗೆ ಒಂದು ಸಲವೂ ಹೋದವನಲ್ಲ.

ಹೋಗಿ ಅಲ್ಲೇ ಉಳಿದವನು ಟೆಗೆಟ್‌ಹಾಫ್‌ನ ಎಂಜಿನ್ ನೋಡಿಕೊಳ್ಳುತ್ತಿದ್ದ ಓಟೊ ಕ್ರಿಶ್. 1874ರ ಮಾರ್ಚ್‌ನಲ್ಲಿ ಕ್ಷಯದಿಂದ ತೀರಿಕೊಂಡ. ಜೊತೆಗಾರರು ಆತನನ್ನು ಮಣ್ಣು ಮಾಡಿ, ಆಮೇಲೆ ಹಡಗನ್ನೂ ಬಿಟ್ಟು ಮನೆಯ ದಾರಿ ಹಿಡಿದರು. ಸಮಾಧಿ ಇರುವುದು ದುಡ್ಡು ಕೊಟ್ಟ ಕೌಂಟ್ ವಿಲ್ಚೆಕ್‌ನ ಹೆಸರಿನ ದ್ವೀಪದಲ್ಲಿ.

ಆ ಹುಡುಗ ಈಗ ಸಿಕ್ಕರೆ ಹೇಳುತ್ತೇನೆ: ಯಜಮಾನ ಅಲ್ಲಿರಲಿಲ್ಲ ಕಣೋ, ಮೆಕ್ಯಾನಿಕ್ ಇದ್ದಾನೆ.