ಶಿಲಾಪಾಕ

ಭೂಮಿಯ ಒಡಲಿನಲ್ಲಿ ಕರಗಿ ಕುದಿಯುವ ಕಲ್ಲಿಗೆ ಕನ್ನಡದಲ್ಲಿ ‘ಶಿಲಾಪಾಕ’ವೆಂಬ ಹೆಸರುಂಟು. ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕಗಳನ್ನು ತರಗತಿಯಲ್ಲಿ ವಿವರಿಸುವ ನನಗೆ ಈ ಮಾತು ಬಹಳ ಹಿಡಿಸಿತು. ಪಾಕವೆಂದರೆ ಹದ. ಆ ಹದದ ಮಹಿಮೆಯನ್ನು ಕಲ್ಲೆಣ್ಣೆಯ ಹುಟ್ಟಿನಲ್ಲಿ ನೋಡಬೇಕು.

ಕಡಲಿನಲ್ಲಿ ಮಡಿದ ಸೂಕ್ಷ್ಮಜೀವಿಗಳು ತಳದ ಕೆಸರಿನಲ್ಲಿ ಹುದುಗಿ, ಪದರದ ಮೇಲೆ ಪದರ ಬಿದ್ದು, ಕೆಸರು ಕಪ್ಪು ಜೇಡಿಗಲ್ಲಾಗುತ್ತದೆ. ಆಳಕ್ಕಿಳಿದಂತೆಲ್ಲ ಕಾವೇರುತ್ತದೆ. ಸುಮಾರು 60ರಿಂದ 120 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಲಕ್ಷಾಂತರ ವರ್ಷ ಬೆಂದರೆ ಎಣ್ಣೆ. ಅದನ್ನು ಮೀರಿದರೆ ಅನಿಲ. ಇನ್ನೂ ಮೀರಿದರೆ ಬರಿಯ ಕರಿ. ಇಂಥ ಮಂದ ಉರಿಯ ಅಡಿಗೆಮನೆಗೆ 1,100 ಡಿಗ್ರಿಯ ಶಿಲಾಪಾಕ ನುಗ್ಗಿದರೆ ಗತಿಯೇನು? ಸರ್ವನಾಶವೆಂದು ಯಾರಾದರೂ ಹೇಳಿಯಾರು. ಹಾಗಲ್ಲ. ಪದರಗಳ ನಡುವೆ ಹಾಸುಗಲ್ಲಾಗಿ ಹೆಪ್ಪುಗಟ್ಟುವ ಅದು ತನಗೆ ತಾಗಿದುದನ್ನು ಸುಡುತ್ತದೆ. ತುಸು ದೂರವಿದ್ದುದನ್ನು ಬೇಯಿಸುತ್ತದೆ.

ಬ್ರೆಜಿಲಿನ ಅಮೆಜಾನ್ ಕಾಡಿನಡಿಯ ಸೊಲಿಮೋಯ್ಸ್ ತಗ್ಗು ಇದಕ್ಕೆ ನಿದರ್ಶನ. ಅಲ್ಲಿನ ಡಿವೋನಿಯನ್ ಯುಗದ ಜೇಡಿಗಲ್ಲು, ಸುಮಾರು 20 ಕೋಟಿ ವರ್ಷಗಳ ಹಿಂದೆ ನುಗ್ಗಿದ ಡಯಬೇಸ್ ಹಾಸುಗಳ ಕಾವಿನಿಂದ ಪಕ್ವವಾಯಿತೆಂಬುದು ಭೂವಿಜ್ಞಾನಿಗಳ ಮತ. ಅಲ್ಲಿಯೇ 1986ರಲ್ಲಿ ಉರುಕು ಎಂಬ ಎಣ್ಣೆ-ಅನಿಲಗಳ ನೆಲೆ ಪತ್ತೆಯಾಯಿತು.

ಆದರೆ ಪಾತ್ರೆಯ ಮುಚ್ಚಳವೇ ಹಾರಿಹೋದರೆ? ನಾರ್ವೆಯ ಪಶ್ಚಿಮದ ಕಡಲಡಿಯಲ್ಲಿ ಸುಮಾರು 5.6 ಕೋಟಿ ವರ್ಷಗಳ ಹಿಂದೆ ಆದದ್ದು ಅದೇ. ಶಿಲಾಪಾಕದಿಂದ ಬೆಂದ ಜೇಡಿಗಲ್ಲಿನ ಅನಿಲ ಒಳಗೆ ನಿಲ್ಲದೆ ನೂರಾರು ಬಾಯಿಗಳನ್ನು ತೆರೆದು ಚಿಮ್ಮಿತು. ಅದೇ ಕಾಲಕ್ಕೆ ಭೂಮಿಯ ಉಷ್ಣತೆ ಐದಾರು ಡಿಗ್ರಿ ಏರಿತು. ತಣಿಯಲು ಲಕ್ಷಕ್ಕೂ ಮಿಕ್ಕ ವರ್ಷಗಳು ಬೇಕಾದುವು. ಇವೆರಡಕ್ಕೂ ಸಂಬಂಧವುಂಟೆಂದು ಹೆನ್ರಿಕ್ ಸ್ವೆನ್ಸೆನ್ ಮತ್ತು ಸಂಗಡಿಗರು 2004ರಲ್ಲಿ ವಾದಿಸಿದರು. 2021ರಲ್ಲಿ ಅಂಥ ಒಂದು ಬಾಯಿಯನ್ನು ಕೊರೆದು ಪರೀಕ್ಷಿಸಿದಾಗ, ಅದು ಆ ಬೇಗೆಯ ಕಾಲ ತೊಡಗುವುದಕ್ಕೆ ತುಸು ಮುಂಚೆ, ಆಳವಿಲ್ಲದ ನೀರಿನಲ್ಲಿ ತೆರೆದಿತ್ತೆಂದು ಕಂಡುಬಂತು. ನೀರು ಆಳವಾಗಿದ್ದರೆ ಅನಿಲದ ಬಹುಭಾಗ ಅಲ್ಲೇ ಕರಗುತ್ತಿತ್ತು. ಆಳವಿಲ್ಲದ್ದರಿಂದ ಅದು ನೇರವಾಗಿ ಗಾಳಿಯನ್ನು ಸೇರಬಹುದಾಗಿತ್ತು.

ನೆಲದೊಳಗೆ ಹದವಾಗಿ ಉಳಿದುಬಂದುದನ್ನು ಇಂದು ನಾವೇ ತೋಡಿ ಉರಿಸುತ್ತಿದ್ದೇವೆ. ಅಂದು ಸಾವಿರಾರು ವರ್ಷಗಳಲ್ಲಿ ಗಾಳಿಗೆ ಸೇರಿದ ಇಂಗಾಲದ ವೇಗಕ್ಕಿಂತ ನಮ್ಮ ವೇಗ ಹೆಚ್ಚಿನದು. ಶಿಲಾಪಾಕಕ್ಕೆ ಹದದ ಅರಿವಿರಲಿಲ್ಲ. ಅರಿವುಳ್ಳ ನಮಗೆ ಆ ನೆಪವೂ ಇಲ್ಲ.